ಸೋರದ ತೊಟ್ಟಿ

ಆ ಮೀನಿನ ತೊಟ್ಟಿ ಸೋರಿರಲಿಲ್ಲ. ಸೋರಿದೆ ಎಂದು ಹೇಳಿದವನು ನಾನು — ಅದೂ ಎರಡು ಸಲ.

ಏನೇನು ಆಗಬಹುದಿತ್ತು ಎಂಬ ಪಟ್ಟಿ ನನಗೆ ಇಂದಿಗೂ ಬಾಯಿಪಾಠ. ಹಳೆಯ ಗಾಜು, ಹೊಸ ಅಂಟು. ನೀರಿನ ಭಾರಕ್ಕೆ ಮೂಲೆ ಬಿಟ್ಟುಕೊಳ್ಳಬಹುದಿತ್ತು. ನೂರು ಲೀಟರ್ ನೀರು ನೆರೂಳದ ನಮ್ಮ ಮೂರನೆಯ ಮಹಡಿಯ ಹಾಲಿನಲ್ಲಿ ಹರಡಿ, ಟೈಲ್ಸಿನ ಸಂದಿಯಿಂದ ಇಳಿದು, ಕೆಳಗಿನ ಮನೆಯ ಪಾಟೀಲ್ ಕಾಕುವಿನ ಹೊಸ ಫಾಲ್ಸ್ ಸೀಲಿಂಗಿನಲ್ಲಿ ತುಂಬಿ, ಒಂದು ಮಧ್ಯಾಹ್ನ ಸೀಲಿಂಗ್ ಸಮೇತ ಅವರ ಊಟದ ತಟ್ಟೆಗೆ ಬೀಳಬಹುದಿತ್ತು. ಪಂಪಿನ ವೈರಿನಿಂದ ನೀರಿಗೆ ಕರೆಂಟು ಹರಿದು, ಕೈ ಅದ್ದಿದ ಮಗಳು — ಇಲ್ಲ, ಆ ವಾಕ್ಯ ಮುಗಿಸಲು ಈಗಲೂ ಧೈರ್ಯವಿಲ್ಲ. ಸ್ಟ್ಯಾಂಡ್ ವಾಲಬಹುದಿತ್ತು. ಕಟ್ಟಡದ ಸೊಸೈಟಿಯ ನೋಟಿಸು ಬರಬಹುದಿತ್ತು. ನಾವೆಲ್ಲ ಊರಿಗೆ ಹೋದಾಗ ಬೀಗ ಹಾಕಿದ ಮನೆಯೊಳಗೆ ಹನಿ ಹನಿಯಾಗಿ — ಊರೇ ಮುಳುಗಿದ ಜುಲೈ ಮಹಾಮಳೆಯ ಮರುವರ್ಷ ಅದು, ನಮ್ಮ ಕಡೆ ಯಾರಿಗೂ ನೀರಿನ ಮೇಲೆ ಅಷ್ಟು ನಂಬಿಕೆ ಉಳಿದಿರಲಿಲ್ಲ. ನನಗಂತೂ ತುಂಬಿದ ಬಕೆಟ್ಟಿನ ಮೇಲೂ ಗುಮಾನಿ.

ತೊಟ್ಟಿ ಬಂದದ್ದು ಘಣಸೋಲಿಯಿಂದ. ಆಫೀಸಿನ ಸಹೋದ್ಯೋಗಿಯೊಬ್ಬ ಮನೆ ಬದಲಿಸುವಾಗ, "ಲೇ ಜಾ ಯಾರ್, ನಹೀ ತೋ ಭಂಗಾರ್ ಮೇ ಜಾಯೇಗಾ" ಎಂದು — ಒಯ್ಯದಿದ್ದರೆ ಗುಜರಿಗೆ ಹೋಗುತ್ತದೆ — ನನ್ನ ತಲೆಗೆ ಕಟ್ಟಿದ. ಮೂರು ಅಡಿ ಉದ್ದ, ಕೆಳಗಿನ ಒಂದು ಅಂಚು ಸೋರುತ್ತಿತ್ತು. ಒಂಬತ್ತು ವರ್ಷದ ನಿಶಾ ಅದನ್ನು ತಬ್ಬಿಕೊಂಡೇ ಬಿಟ್ಟಳು. ವಾಪಸು ಕಳಿಸುವ ದಾರಿ ಅಲ್ಲಿಗೆ ಮುಚ್ಚಿತು.

"ನೀವು ಮುಟ್ಟಬೇಡಿ ಮಾರಾಯ್ರೆ, ಸದಣ್ಣ ಇದ್ದಾನಲ್ಲ" ಎಂದಳು ಹೆಂಡತಿ ವಸಂತಿ.

ಸದಣ್ಣ ಎಂದರೆ ಅವಳ ಅಣ್ಣ ಸದಾನಂದ, ನನಗೆ ಭಾವ; ಅವರು ಕರೆಯುವಾಗ ನಾನೂ ಭಾವನೇ. ಹುಡುಗಪ್ರಾಯದಲ್ಲಿ ಉಲ್ಹಾಸನಗರದಲ್ಲಿ ಅಂಗಡಿಗಳಿಗೆ ಗಾಜಿನ ಶೋಕೇಸ್ ಮಾಡುವ ಕಾರ್ಖಾನೆಯಲ್ಲಿ ದುಡಿದವರು. ಆಮೇಲೆ ಇಪ್ಪತ್ತು ವರ್ಷ ಕಲ್ಯಾಣದ ಒಂದು ಹೋಟೆಲಿನ ಕೌಂಟರಿನಲ್ಲಿ ಕುಳಿತವರು. ಆ ಹೋಟೆಲು ಮುಚ್ಚಿ ಎರಡು ತಿಂಗಳಾಗಿತ್ತು. ಅಂದಿನಿಂದ ನಮ್ಮಲ್ಲೇ ಇದ್ದರು. ಒಂದೇ ಪೇಪರನ್ನು ದಿನಕ್ಕೆ ಮೂರು ಸಲ ಓದುತ್ತಿದ್ದರು. ಚಹಾ ಕುಡಿದ ಲೋಟವನ್ನು ಬೇರೆ ಯಾರೂ ಮುಟ್ಟುವ ಮೊದಲೇ ತೊಳೆದಿಡುತ್ತಿದ್ದರು. ತಂಗಿಯ ಮನೆಯಲ್ಲಿ ಕುಳಿತು ಉಣ್ಣುವವರಿಗೆ ಎಷ್ಟು ಸಪ್ಪಳ ಮಾಡಬಹುದು ಎಂಬುದರ ಅಳತೆ ಅವರಿಗೆ ಚೆನ್ನಾಗಿ ತಿಳಿದಿತ್ತು.

ತೊಟ್ಟಿ ಬಂದ ದಿನ ಅವರ ದನಿಯೇ ಬದಲಾಯಿತು. ಬಾಲ್ಕನಿಯಲ್ಲಿ ಎರಡು ದಿನ ಕುಕ್ಕರಗಾಲಿನಲ್ಲಿ ಕುಳಿತು ಬ್ಲೇಡಿನಿಂದ ಹಳೆಯ ಸಿಲಿಕೋನನ್ನು ಕೆರೆದರು. "ಹಳೇದರ ಮೇಲೆ ಹೊಸತು ಹಿಡಿಯೂದಿಲ್ಲ ಭಾವ. ಒಂದು ಚೂರು ಉಳಿದ್ರೂ ಮುಗೀತು." ವಸಂತಿಯ ನೇಲ್ ಪಾಲಿಶ್ ತೆಗೆಯುವ ಬಾಟಲಿಯನ್ನು ಪೂರ್ತಿ ಖಾಲಿ ಮಾಡಿ ಗಾಜು ಒರೆಸಿದರು. ಅಂಚಿಗೆ ಟೇಪು ಹಚ್ಚಿ, ಸಿಲಿಕೋನಿನ ಗೆರೆ ಎಳೆದು, ಬಲಗೈಯ ತೋರುಬೆರಳನ್ನು ಸಾಬೂನು ನೀರಿನಲ್ಲಿ ಅದ್ದಿ, ಈ ತುದಿಯಿಂದ ಆ ತುದಿಗೆ ಒಂದೇ ಉಸಿರಿನಲ್ಲಿ ಸವರಿದರು. ಮನೆಯೆಲ್ಲ ವಿನೆಗರ್ ವಾಸನೆ.

"ಮಾಮಾ, ಘರ್ ಮೇ ಚೈನೀಸ್ ಬನ್ ರಹಾ ಹೈ ಕ್ಯಾ?" ಎಂದಳು ನಿಶಾ.

"ಹೌದು ಮಗಾ, ಗಾಜಿನ ನೂಡಲ್ಸು."

ಸ್ಟೇಷನ್ನಿನ ಹತ್ತಿರ ಸಾಕುವ ಬಣ್ಣದ ಮೀನು ಮಾರುವ ಅಂಗಡಿಯವನೊಬ್ಬನಿದ್ದ. ಅವನ ಹಿಂದಿನ ಕೋಣೆಯಲ್ಲಿ ಸೋರುವ ತೊಟ್ಟಿಗಳು ರಾಶಿ ಬಿದ್ದಿದ್ದವು. "ಆಧೀ ಏಕ್ ಟಾಕೀ ದಾಖವಾ, ಮಗ್ ಕಾಮ್ ದೇತೋ" ಎಂದಿದ್ದನಂತೆ — ಮೊದಲು ಒಂದು ತೊಟ್ಟಿ ತೋರಿಸಿ, ಆಮೇಲೆ ಕೆಲಸ. ಭಾವ ಇದನ್ನು ಒಂದೇ ಊಟದಲ್ಲಿ ಮೂರು ಸಲ ಹೇಳಿದರು. "ಇನ್ನು ಕೌಂಟರ್ ಬೇಡ. ಕೈಯಲ್ಲಿ ಕೆಲಸ ಇನ್ನೂ ಉಂಟು, ಅಲ್ವಾ?" ಎಂದು ನನ್ನನ್ನೇ ಕೇಳಿದರು. ನಾನು ಸಾರು ಬಡಿಸಿಕೊಳ್ಳುತ್ತಿದ್ದೆ. ಉಂಟು ಎಂದೆ.

ಅಂಟು ಒಣಗಿದ ಮೇಲೆ ಹಾಲಿನ ಮೂಲೆಯಲ್ಲಿ ಪೇಪರು ಹಾಸಿ, ಅದರ ಮೇಲೆ ತೊಟ್ಟಿ ಇಟ್ಟು ನೀರು ತುಂಬಿಸಿದರು. ನೀರಿನ ಮಟ್ಟಕ್ಕೆ ಹೊರಗಿನಿಂದ ಒಂದು ತುಂಡು ಟೇಪು ಅಂಟಿಸಿದರು. "ಪೇಪರ್ ಸುಳ್ಳು ಹೇಳೂದಿಲ್ಲ ಭಾವ. ಒಂದು ಹನಿ ಬಿದ್ರೂ ತೋರಿಸ್ತದೆ."

ಮರುದಿನ ಭಾನುವಾರ. ಸಂಜೆ ಮೂವರೂ ಗಿಡ, ಕಲ್ಲು ಎಂದು ಅಂಗಡಿಗೆ ಹೋದರು. ಕಾವಲಿಗೆ ನಾನು. ನೆಲಕ್ಕೆ ಕೆನ್ನೆ ತಾಗಿಸಿ ಟಾರ್ಚು ಬಿಟ್ಟು ನೋಡಿದೆ. ಪೇಪರು ಗರಿಗರಿಯಾಗಿ ಒಣಗಿತ್ತು. ನನಗೆ ನಿಜವಾದ ಭಯ ಹತ್ತಿದ್ದು ಆಗ. ಸೋರಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸೋರಲಿಲ್ಲ — ಅಂದರೆ ಇನ್ನು ಇದು ದಿನವೂ ಇಲ್ಲೇ ಇರುತ್ತದೆ, ತುಂಬಿಕೊಂಡು. ನಾನು ಆಫೀಸಿನಲ್ಲಿರುವಾಗ, ಲೋಕಲ್ ಟ್ರೇನಿನಲ್ಲಿ ನೇತಾಡುತ್ತಿರುವಾಗ —

"ನನಗೆ ಹೆದರಿಕೆ, ಇದು ಬೇಡ" ಎನ್ನಬಹುದಿತ್ತು. ಆದರೆ ಗ್ಯಾಸಿನ ಗುಂಡಿಯನ್ನು ಮೂರು ಸಲ ಮುಟ್ಟಿ ನೋಡುವವನು, ಬೀಗ ಎಳೆದು ನೋಡಲು ಲಿಫ್ಟಿನಿಂದ ವಾಪಸು ಬರುವವನು ಎಂದು ಆ ಮನೆಯಲ್ಲಿ ನಾನು ಆಗಲೇ ಸಾಕಷ್ಟು ಮನರಂಜನೆ ಒದಗಿಸಿದ್ದೆ. ಇನ್ನೊಂದು ನಗು ನನಗೆ ಬೇಡವಾಗಿತ್ತು. ಅಡುಗೆಮನೆಗೆ ಹೋಗಿ ಅರ್ಧ ಲೋಟ ನೀರು ತಂದೆ. ತೊಟ್ಟಿಯ ಹಿಂದಿನ ಮೂಲೆಯಲ್ಲಿ ನಿಧಾನಕ್ಕೆ ಬಗ್ಗಿಸಿದೆ. ವಧೂವರರ ಅಂಕಣ ಕಪ್ಪಾಗುತ್ತ ಬಂತು. ಲೋಟವನ್ನು ತೊಳೆದು, ಒರೆಸಿ, ಅದರ ಜಾಗದಲ್ಲಿಟ್ಟೆ.

"ಪಪ್ಪಾ, ಲೀಕ್ ಹುವಾ ಕ್ಯಾ?" ನಿಶಾ ಬಾಗಿಲಿನಿಂದಲೇ ಕೂಗಿದಳು.

"ಸೋರ್ತಾ ಉಂಟು" ಎಂದೆ.

ಭಾವ ಚಪ್ಪಲಿ ಬಿಡದೆ ಬಂದು ಮಂಡಿಯೂರಿದರು. ಒದ್ದೆ ಪೇಪರನ್ನು ಬೆರಳಿನಿಂದ ಮುಟ್ಟಿದರು. ಆಮೇಲೆ ಗಾಜಿನ ಮೇಲಿನ ಟೇಪು ನೋಡಿದರು — ನೀರಿನ ಮಟ್ಟ ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಅದನ್ನು ನೋಡಿದರು, ನನ್ನ ಮುಖವನ್ನೂ ನೋಡಿದರು. ನಂಬಿದ್ದು ನನ್ನನ್ನು.

"ಎಲ್ಲಿಯೋ ಹಳೇದು ಉಳಿಸಿದ್ದೇನೆ. ನನ್ನದೇ ಅವಸರ."

ಮತ್ತೆ ಬ್ಲೇಡು, ಮತ್ತೆ ಟೇಪು, ಮತ್ತೆ ವಿನೆಗರ್. ಮುಂದಿನ ವಾರ ಕಾಲು ಲೋಟ ಸಾಕಾಯಿತು. ನನಗೂ ಕೈ ಪಳಗಿತ್ತು. ಆ ಸಲ ಭಾವ ಬಕೆಟ್ಟು ಬಕೆಟ್ಟಾಗಿ ನೀರು ತೆಗೆದು ಸಂಡಾಸಿಗೆ ಸುರಿದರು. ಪೇಪರನ್ನು ನಾಲ್ಕು ಮಡಿಕೆ ಮಾಡಿ ಕಸದ ಡಬ್ಬಿಗೆ ಹಾಕಿದರು. ನಿಶಾ ಅತ್ತಳು, ಅವಳಿಗೊಂದು ಸೈಕಲ್ ಬಂತು. ಹದಿನೈದು ದಿನದಲ್ಲಿ ಭಾವ ಕಲ್ಯಾಣದ ಇನ್ನೊಂದು ಹೋಟೆಲಿನ ಕೌಂಟರಿಗೆ ಹೊರಟರು. ಅಂಗಡಿಯವನ ಕಣ್ಣಿಗೆ ಬೀಳಬಾರದೆಂದು, ಬ್ಯಾಗು ಹೊತ್ತುಕೊಂಡು ಸ್ಟೇಷನ್ನಿಗೆ ಸುತ್ತು ದಾರಿ ಹಿಡಿದರು. ಜೊತೆಗೆ ಹೋದವನು ನಾನೇ.

ಇದಾಗಿ ಹನ್ನೆರಡು ವರ್ಷ. ಭಾವ ಈಗಲೂ ಕೌಂಟರಿನಲ್ಲೇ ಇದ್ದಾರೆ. ಮನೆಗೆ ಬಂದಾಗ ಯಾರಾದರೂ ನಲ್ಲಿಯ ವಾಶರ್ ಹಾಕಿಕೊಡಿ, ಕುಕ್ಕರಿನ ಹಿಡಿ ನೋಡಿ ಎಂದರೆ ಅವರ ಉತ್ತರ ಸಿದ್ಧ: "ಬೇಡಪ್ಪ, ನನ್ನದು ಸೋರುವ ಕೈ." ಎಲ್ಲರೂ ನಗುತ್ತಾರೆ. ಆ ಮಾತು ಮನೆಯ ತಮಾಷೆಯಾಗಿ ಬೆಳೆದುಬಿಟ್ಟಿದೆ. ಕಳೆದ ತಿಂಗಳು ನಮ್ಮ ಸಿಂಕಿನ ಪೈಪು ಜಿನುಗಿದಾಗ ವಸಂತಿ ಅಣ್ಣನ ಕಡೆ ನೋಡಿದಳು. ಈಗ ಕೆಲಸಕ್ಕೆ ಹೋಗುವ ನಿಶಾ, "ಮಮ್ಮಿ, ಮಾಮಾ ಸೇ ಮತ್ ಕರ್‌ವಾವೋ, ಪೂರಾ ನೆರೂಲ್ ಡೂಬ್ ಜಾಯೇಗಾ!" ಎಂದಳು — ಮಾಮನ ಕೈಲಿ ಮಾಡಿಸಬೇಡ, ಇಡೀ ನೆರೂಳ ಮುಳುಗೀತು. ಮೊದಲು ನಕ್ಕವರು ಭಾವನೇ. ನಗುತ್ತಲೇ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಇಳಿಸಿದರು. ನಾನೂ ನಕ್ಕೆ — ಉಳಿದವರಿಗಿಂತ ಸ್ವಲ್ಪ ಜೋರಾಗಿಯೇ.

ನಿನ್ನೆ ಲಾಫ್ಟಿನಿಂದ ತೊಟ್ಟಿ ಇಳಿಸಿದೆ. ಒಳಗಿದ್ದ ಹಳೆಯ ಸ್ವೆಟರುಗಳನ್ನು ತೆಗೆದು ಗಾಜು ಒರೆಸಿದೆ. ಅಂಚಿನ ಗೆರೆ ಇನ್ನೂ ನೇರವಾಗಿದೆ, ಎಲ್ಲೂ ಬೆರಳು ತಡವರಿಸಿದ ಗುರುತಿಲ್ಲ. ಭಾನುವಾರ ಭಾವ ಬರುತ್ತಾರೆ. ಅವರೆದುರಿಗೆ ಪೇಪರು ಹಾಸಿ ನೀರು ತುಂಬಿಸಿ ತೋರಿಸಬೇಕು ಎಂದುಕೊಂಡಿದ್ದೆ. ಆದರೆ ಹನ್ನೆರಡು ವರ್ಷದ ಸಿಲಿಕೋನು ಈಗ ನಿಜವಾಗಿಯೇ ಸೋರಿದರೆ? ನೋಡಿ, ಪಟ್ಟಿ ಮತ್ತೆ ಶುರುವಾಯಿತು. ಆದ್ದರಿಂದ ನೀರು ತುಂಬುವ ಮೊದಲೇ ಹೇಳಬೇಕು. ತೊಟ್ಟಿ ಖಾಲಿ ಇರುವಾಗಲೇ, ವಸಂತಿ ಮತ್ತು ನಿಶಾ ಎದುರಿಗೆ ಇರುವಾಗಲೇ.

ಅವರು ಏನೆನ್ನುತ್ತಾರೋ ಗೊತ್ತಿಲ್ಲ. ಕೌಂಟರಿನಲ್ಲಿ ಕುಳಿತ ಹನ್ನೆರಡು ವರ್ಷವನ್ನು ನಾನು —

ಪಾಟೀಲ್ ಕಾಕುವಿನ ಸೀಲಿಂಗ್ ಇಂದಿಗೂ ಗಟ್ಟಿಯಾಗಿದೆ. ಯಾರಿಗೂ ಕರೆಂಟು ಹೊಡೆಯಲಿಲ್ಲ, ಗಾಜು ಬಿರಿಯಲಿಲ್ಲ, ಸೊಸೈಟಿಯ ನೋಟಿಸು ಬರಲಿಲ್ಲ. ಒಂದು ಪೇಪರು ಒದ್ದೆಯಾಯಿತು, ಅಷ್ಟೇ.