ಗಿಲಕಿ ಪರೀಕ್ಷೆ

ನನ್ನ ಮಗಳು ದಿನ ತುಂಬುವ ಮೊದಲೇ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಹುಟ್ಟಿದಳು. ತೊಂಬತ್ತರ ದಶಕದ ಮಾತು. ಗಾಜಿನ ಪೆಟ್ಟಿಗೆಯೊಳಗೆ ಅಂಗೈಯಷ್ಟು ಕೂಸು, ಮೈತುಂಬ ನಳಿಕೆ. ನನ್ನ ಗಂಡ ಬೇರೊಂದು ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು. ಅದೇ ನನಗೆ ಮುಳುವಾಯಿತು. ಮಗುವಿನ ಡಾಕ್ಟರರು ಎಲ್ಲವನ್ನೂ ಕಾರಿಡಾರಿನಲ್ಲಿ ಅವರಿಗೇ ಹೇಳುತ್ತಿದ್ದರು. ಅವರು ಅದನ್ನು ಸೋಸಿ, "ಆರಾಮ ಇದ್ದಾಳ" ಎಂದಷ್ಟೇ ನನಗೆ ಹೇಳುತ್ತಿದ್ದರು. ಹಾಳು ಆರಾಮ! ಕೂಸಿಗೆ ಸೋಂಕಾಗಿದೆ, ಅದಕ್ಕೆ ಕೊಡುವ ಔಷಧ ಒಮ್ಮೊಮ್ಮೆ ಕಿವಿಗೆ ಪೆಟ್ಟು ಕೊಡುತ್ತದೆ ಎಂಬುದು ನನಗೆ ತಿಳಿದದ್ದು ನರ್ಸ್ ಬಾಯಿಂದ. ಅಂದಿನಿಂದ ಗಂಡನ ಯಾವ ಮಾತನ್ನೂ ನಾನು ಸುಮ್ಮನೆ ನಂಬಲಿಲ್ಲ.

ಮಗಳು ಲಂಡನ್ನಿನ ಅಂಚಿನ ಹ್ಯಾರೋದಲ್ಲಿದ್ದ ನಮ್ಮ ಮನೆಗೆ ಬಂದಳು, ಮೈ ತುಂಬಿಕೊಂಡಳು, ಕೂರಲು ಕಲಿತಳು. ಬಾಣಂತನಕ್ಕೆಂದು ಧಾರವಾಡದಿಂದ ಬಂದ ಅತ್ತೆ ಇನ್ನೂ ಇದ್ದರು. "ನನ್ನ ದನಿ ಕೇಳಿ ಹೆಂಗ ಹೊಳ್ಳಿ ನೋಡತಾಳ ನೋಡು, ನನ್ನವ್ವ!" ಎಂದು ಹಿಗ್ಗುತ್ತಿದ್ದರು. ಅವಳು ತಿರುಗುತ್ತಿದ್ದುದು ದನಿ ಕೇಳಿಯೋ, ನೆರಳು ಕಂಡೋ? ನನಗೆ ಅನುಮಾನ.

ಕ್ಲಿನಿಕ್ಕಿನಲ್ಲಿ ಕಿವಿ ಪರೀಕ್ಷೆಯಾಯಿತು. ಮಗಳು ನನ್ನ ತೊಡೆಯ ಮೇಲೆ. ಒಬ್ಬಾಕೆ ಎದುರು ಕೂತು ಆಟಿಕೆ ತೋರಿಸಿ ಅಡಗಿಸುವುದು, ಇನ್ನೊಬ್ಬಾಕೆ ಹಿಂದಿನಿಂದ ಮೆಲ್ಲಗೆ ಗಿಲಕಿ ಆಡಿಸುವುದು. ಮಗಳು ಎಡಕ್ಕೂ ತಿರುಗಿದಳು, ಬಲಕ್ಕೂ ತಿರುಗಿದಳು. ಪಾಸು! ನಾನು ಮಾತ್ರ, ನಮ್ಮ ಜೊತೆ ಬಂದು ಆಟಿಕೆಯಾಕೆಯ ಬೆನ್ನ ಹಿಂದಿನ ಕುರ್ಚಿಯಲ್ಲಿ ಕೂತಿದ್ದ ಅತ್ತೆಯನ್ನೇ ನೋಡುತ್ತಿದ್ದೆ. ಗಿಲಕಿ ಯಾವ ಕಡೆ ಬಂದರೆ ಆ ಕಡೆಗೆ ಅವರು ಕಣ್ಣರಳಿಸಿ ಗದ್ದ ಎತ್ತುತ್ತಿದ್ದರು. ಮೊಮ್ಮಗಳು ಗೆಲ್ಲಲಿ ಎಂಬ ಆಸೆ, ಪಾಪ. ಮಗಳು ಅಜ್ಜಿಯ ಮುಖ ನೋಡಿಯೇ ತಿರುಗುತ್ತಿದ್ದಳು. ಹಾಗೆಂದು ಹೇಳಿದರೆ ಕ್ಲಿನಿಕ್ಕಿನವಳು, ಎಲ್ಲ ತಾಯಂದಿರೂ ಹೀಗೇ ಹೆದರುತ್ತಾರೆ ಎಂದು ನಕ್ಕಳು.

ಸಂಜೆ ಗಂಡನಿಗೆ ಹೇಳಿದೆ.

"ಪಾಸ್ ಆಗ್ಯಾಳಂತ ಅವರ ಹೇಳ್ಯಾರಲ್ಲ. ನೀ ಪೊಲೀಸ್ ಖಾತೆ ಸೇರಬೇಕಿತ್ತು ನೋಡು."

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರ್ರೀ. ಇಲ್ಲೇ ನಿಂದರ್ರಿ."

ಅತ್ತೆ ಅಡುಗೆಮನೆಯಲ್ಲಿದ್ದರು. ಕಾರ್ಪೆಟ್ಟಿನ ಮೇಲೆ ಆಡುತ್ತ ಕೂತಿದ್ದ ಮಗಳ ಬೆನ್ನ ಹಿಂದೆ ನಿಂತು ಸ್ಟೀಲ್ ತಟ್ಟೆಗೆ ಸೌಟಿನಿಂದ ಬಡಿದೆ. "ಅಯ್ಯ, ಏನ್ ಬಿತ್ತ?" ಎಂದು ಅತ್ತೆ ಒಳಗಿನಿಂದ ಕೂಗಿದರು. ಮಗಳು ಅಲುಗಲಿಲ್ಲ. ಇನ್ನೂ ಜೋರಾಗಿ ಬಡಿದೆ. ಊಹೂಂ.

ಗಂಡನ ಕಡೆ ನೋಡಿದೆ. ಅವರ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ. ಆಗ ನನಗೆ ಹೊಳೆಯಿತು. ಈ ಮನುಷ್ಯ ದಿನಾ ಕೆಲಸದಿಂದ ಬಂದವರು ಸುತ್ತು ಹಾಕಿಕೊಂಡು ಹೋಗಿ, ಮಗಳ ಎದುರಿಗೆ ಕೂತ ಮೇಲೆಯೇ ಬಾಯಿ ತೆರೆಯುತ್ತಿದ್ದರು.

"ನೀವು ಒಂದ ದಿನಾನೂ ಆಕೀನ್ನ ಹಿಂದಿನಿಂದ ಕರದಿಲ್ಲ," ಎಂದೆ. "ಯಾಕ್ರೀ?"

ಅವರು ಕಾರ್ಪೆಟ್ಟಿನ ಮೇಲೆ ಮಗಳ ಎದುರಿಗೆ ಕೂತರು.

"ಕರದು, ಆಕಿ ಹೊಳ್ಳಲಿಲ್ಲಂದ್ರ?" ಎಂದರು.