ಅತ್ತಿಯವರ ಕಾಢಾ
ನನ್ನ ಕುತ್ತಿಗ್ಯಾಗ ಥೈರಾಯ್ಡ್ ಗಂಟು ನಿಂಬಿಕಾಯಿಯಷ್ಟು ಬೆಳದಿತ್ತು. ಆಪರೇಷನ್ ಮಾಡಿಸಿ ತಗಸ್ತೀರೋ ಇಲ್ಲೋ, ವಿಚಾರ ಮಾಡಿ ಹೇಳ್ರಿ ಅಂದ್ರು ಮಿರಜದ ಡಾಕ್ಟರು. ನಾ ರಕ್ತ ಕೊಡಾಕ ಬಾಜೂ ಖೋಲಿಗೆ ಹೋದಾಗ ನಮ್ಮ ಅತ್ತಿಯವರು, ನಿಮಗ ಏನ ಅನಸ್ತೈತ್ರಿ ಅಂತ ಅವರನ್ನ ಕೇಳ್ಯಾರ. ಅವರು ಮರಾಠಿಯೊಳಗ ಒಂದ ಮಾತು ಹೇಳ್ಯಾರ: “ಕಾಢಾ.”

ಬಸ್ಸಿನ್ಯಾಗ ಅತ್ತಿಯವರು, “ಕಾಢಾ ಕುಡಸ್ರಿ ಅಂದಾರ,” ಅಂದ್ರು. ಕಾಢಾ ಅಂದ್ರ ನಮ್ಮ ಮನ್ಯಾಗ ಕಷಾಯ. ಮರಾಠಿಯೊಳಗ ‘ತಗೀರಿ’ ಅಂತನೂ ಆಗ್ತೈತಿ. ನಾ ಮಹಾರಾಷ್ಟ್ರದ ಗಡಿಗೆ ಹತ್ತಿದ ಕೊಗನೊಳ್ಳಿ ಊರಿನ ಮಗಳು, ಮರಾಠಿ ಚಲೋ ಬರ್ತೈತಿ. ಡಾಕ್ಟರು ಏನಂದಿರಬೇಕು ಅಂತ ನನಗ ಆಗಲೇ ಹೊಳೀತು. ಅತ್ತಿಯವರು ಸತ್ತಿ ಅನ್ನೂ ಊರಿನ ಕಡೆಯವರು, ಅವರಿಗೇನ ಮರಾಠಿ ತಿಳೀತೈತಿ ಅಂತ ಬಾಯಿ ಮುಚಗೊಂಡ ಕುಂತೆ. ಕುತ್ತಿಗಿ ಕೊಯ್ಸಿಕೊಳ್ಳೂದಕ್ಕಿಂತ ಕಷಾಯ ಕುಡಿಯೂದು ಚಲೋ ಅಲ್ಲ?

ಚಲೋ ಇರಲಿಲ್ಲ. ಮೊದಲನೇ ವಾರ ಬರೇ ಶುಂಠಿ, ಮೆಣಸು ಇದ್ದವು. ಆಮ್ಯಾಲೆ ಅಮೃತಬಳ್ಳಿ ಬಂತು, ಅದರ ಹಿಂದ ಬೇವಿನ ತೊಗಟಿ. ಲೋಟ ಬರಿದಾಗೂತನಕ ಅತ್ತಿಯವರು ನನ್ನ ಮುಂದಿಂದ ಏಳತಿರಲಿಲ್ಲ. ಗಂಟು ಇದ್ದಂಗ ಇತ್ತು, ನಾಲಿಗಿ ಕೆಟ್ಟು ಹೋತು. ಹೋಳಿಗಿ ತಿಂದ್ರೂ ಬೇವು ತಿಂದಂಗ ಆಗ್ತಿತ್ತು.

ಒಂದಿನ ಅವರು ಕಷಾಯಕ್ಕಂತ ಹಾಗಲಕಾಯಿ ಹೆಚ್ಚಾಕ ಕುಂತಿದ್ದು ನೋಡಿ ಕೈ ಮುಗದೆ.

“ಅತ್ತಿ, ಆಪರೇಷನ್ ಮಾಡಿಸ್ಕೋತೀನ್ರಿ. ಡಾಕ್ಟರು ಅಂದಿದ್ದು ಕಷಾಯ ಅಲ್ರಿ, ಗಂಟು ತಗೀರಿ ಅಂತ.”

ಅತ್ತಿಯವರು ಈಳಿಗಿ ಬದಿಗಿಟ್ರು.

“ಗೊತ್ತೈತೆವ್ವಾ. ನೀ ಯಾವಾಗ ಬಾಯಿ ಬಿಡ್ತಿ ಅಂತ ಕಾಯಾಕತ್ತಿದ್ದೆ.”