ಬಾಯಿ ಕಾಣುವ ಹಾಗೆ ಪಾಠ ಹೇಳಿದ ಉಚ್ಚೆಂಗೆಮ್ಮ

ಹರಿಹರದಲ್ಲಿ ಹೊಳೆಗೆ ಹೋಗುವ ದಾರಿಯ ಪ್ರಾಥಮಿಕ ಶಾಲೆಯಲ್ಲಿ ಉಚ್ಚೆಂಗೆಮ್ಮ ಏಳು ವರ್ಷ ಪಾಠ ಹೇಳಿದ್ದು ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡೇ. ಶಾಲೆ ಎಂದರೆ ಒಂದೇ ಉದ್ದನೆಯ ಹಜಾರ. ಈ ತುದಿಯಲ್ಲಿ ಅವಳ ಎರಡನೇ ಕ್ಲಾಸು. ಆ ತುದಿಯಲ್ಲಿ ಮೂರನೇ ಕ್ಲಾಸಿಗೆ ಪಾಠ ಹೇಳುತ್ತಿದ್ದ ಹೆಡ್‌ಮೇಷ್ಟ್ರು ಜಂಬಯ್ಯ, ದೂರದ ಸಂಬಂಧದಲ್ಲಿ ಅವಳಿಗೆ ಭಾವ ಆಗಬೇಕು. ಗಂಡ ತೀರಿಕೊಂಡ ಮೇಲೆ ಅವಳನ್ನು ಕೆಲಸಕ್ಕೆ ಕಳಿಸಲು ಅತ್ತೆ ರಂಗವ್ವ ಒಪ್ಪಿದ್ದು ಒಂದೇ ಕರಾರಿನ ಮೇಲೆ: ಭಾವನ ಎದುರು ಬಾಯಿ ಕಾಣಬಾರದು. ಉಚ್ಚೆಂಗೆಮ್ಮ ಆ ಕರಾರನ್ನು ವ್ರತದ ಹಾಗೆ ಪಾಲಿಸಿದಳು.

ಸಾವಿರದ ಒಂಬೈನೂರ ಐವತ್ತೇಳರಲ್ಲಿ ತರಬೇತಿಗೆ ಹೋಗಬೇಕೆಂದು ಆದೇಶ ಬಂತು. ಒಂದು ವರ್ಷ ದಿನವೂ ಬೆಳಗಿನ ರೈಲಿಗೆ ದಾವಣಗೆರೆಗೆ ಹೋಗುವುದು, ಸಂಜೆ ಬರುವುದು. ಅಲ್ಲಿ ಕಮಲಕ್ಕ ಎಂಬ ಹಿರಿಯ ಉಪಾಧ್ಯಾಯಿನಿ ತರಬೇತಿಗೆ ಬಂದವರ ಪಾಠಗಳನ್ನು ಕೂತು ನೋಡಿ ತಪ್ಪು ಹೇಳುತ್ತಿದ್ದರು. ಉಚ್ಚೆಂಗೆಮ್ಮನ ಮೊದಲ ಪಾಠ ಮುಗಿದಾಗ ಅವರು ಎದ್ದು ಬಂದರು. ಅವಳನ್ನು ಕಡೆಯ ಸಾಲಿನಲ್ಲಿ ಮಕ್ಕಳ ನಡುವೆ ಕೂರಿಸಿ, ತಾವು ಸೆರಗನ್ನು ಬಾಯಿಗೆ ಹಿಡಿದು ಅದೇ ಪಾಠವನ್ನು ಮಾಡಿದರು. ಅರ್ಧ ಮಾತು ಗೊಣಗಾಟವಾಗಿ ಬಂತು.

"ನೀವು ಹೇಳಿದ್ದೆಲ್ಲ ಸೆರಗಿನಾಗೇ ಉಳೀತೈತೆ ನೋಡ್ರಿ" ಎಂದರು ಕಮಲಕ್ಕ.

ಅಂದು ರೈಲಿನಲ್ಲಿ ಅವಳಿಗೆ ನಾಚಿಕೆಯ ಜೊತೆಗೆ ಎಂಥದೋ ಹುರುಪು ಹುಟ್ಟಿತು. ಮುಂದಿನ ತಿಂಗಳುಗಳಲ್ಲಿ ಅದು ಏರುತ್ತಲೇ ಹೋಯಿತು. ಉತ್ತರ ಹೇಳದ ಮಗುವನ್ನು ದಡ್ಡ ಅನ್ನುವ ಮೊದಲು ಅದಕ್ಕೆ ಕಣ್ಣು ಕಾಣುತ್ತದೆಯೇ, ಕಿವಿ ಕೇಳುತ್ತದೆಯೇ, ಉಂಡು ಬಂದಿದೆಯೇ, ಮನೆಯಲ್ಲಿ ಯಾವ ಮಾತು ಆಡುತ್ತಾರೆ ಎಂದು ನೋಡಬೇಕೆಂದು ಕಮಲಕ್ಕ ಕಲಿಸಿದರು. ಇಷ್ಟು ದಿನ ತಾನು ಇದೊಂದನ್ನೂ ನೋಡಿರಲಿಲ್ಲವಲ್ಲ ಎಂದು ಅವಳಿಗೆ ಅನ್ನಿಸಿತು.

ಐವತ್ತೆಂಟರ ಜೂನ್‌ನಲ್ಲಿ ಶಾಲೆಗೆ ಮರಳಿದ ದಿನ ಹರಿಹರೇಶ್ವರನಿಗೆ ಕೈಮುಗಿದು ಬಂದು, ಸೆರಗನ್ನು ಹೆಗಲ ಮೇಲೆ ಬಿಗಿಯಾಗಿ ಹೊದ್ದು, ಬಾಯಿ ಬಿಟ್ಟು ಪಾಠ ಶುರುಮಾಡಿದಳು. ಜಂಬಯ್ಯನವರು ಎರಡು ಸಲ ಕೆಮ್ಮಿದರು. ಮೂರನೇ ದಿನ ತಮ್ಮ ಕುರ್ಚಿಯನ್ನೇ ಗೋಡೆಯ ಕಡೆ ತಿರುಗಿಸಿಕೊಂಡರು.

ಆ ವಾರವೇ ಖುರ್ಷೀದಾ ಬಾಯಿಬಿಟ್ಟಳು. ಬೀಡಿ ಕಟ್ಟುವ ಖತೀಜಾಬೀಯ ಒಂಬತ್ತು ವರ್ಷದ ಮಗಳು ಅವಳು. ಉಚ್ಚೆಂಗೆಮ್ಮ ತರಬೇತಿಗೆ ಹೋಗುವ ಮೊದಲು ಎರಡನೇ ಕ್ಲಾಸಿನಲ್ಲಿ ಎರಡು ಸಲ ನಾಪಾಸಾಗಿ, ಒಂದು ವರ್ಷ ಮನೆಯಲ್ಲೇ ಉಳಿದು ಮತ್ತೆ ಬಂದಿದ್ದಳು. ಈ ಸಲವೂ ಹೋದರೆ ಬಿಡಿಸಿ ಬೀಡಿ ಕಟ್ಟಲು ಕೂರಿಸುತ್ತೇನೆಂದು ತಾಯಿ ಆಗಲೇ ಹೇಳಿಹೋಗಿದ್ದಳು. ಎಲ್ಲರ ಜೊತೆ ಮಗ್ಗಿ ಒಪ್ಪಿಸುವಾಗ ಒಂದಕ್ಷರ ತಪ್ಪದೆ ಹೇಳುವ ಹುಡುಗಿ, ಒಬ್ಬಳನ್ನೇ ಕೇಳಿದರೆ ಕಂಬದ ಹಾಗೆ ನಿಲ್ಲುತ್ತಿದ್ದಳು. ಈಗ ಉಚ್ಚೆಂಗೆಮ್ಮ ಕೇಳಿದ ಪ್ರಶ್ನೆಗೆ ತಟ್ಟನೆ ಉತ್ತರ ಕೊಟ್ಟಳು. ಇನ್ನೊಂದಕ್ಕೂ ಕೊಟ್ಟಳು.

ಉಚ್ಚೆಂಗೆಮ್ಮನಿಗೆ ಒಂದು ಅನುಮಾನ ಹುಟ್ಟಿತು. ಪುಸ್ತಕವನ್ನು ಬಾಯಿಗೆ ಅಡ್ಡ ಹಿಡಿದು ಅದೇ ದನಿಯಲ್ಲಿ ಮತ್ತೆ ಕೇಳಿದಳು. ಹುಡುಗಿ ಕಣ್ಣು ಪಿಳಿಪಿಳಿ ಬಿಟ್ಟಳು. ಉಚ್ಚೆಂಗೆಮ್ಮ ಪುಸ್ತಕ ಇಳಿಸಿ ಕೇಳಿದಳು, ಉತ್ತರ ಬಂತು. ಹಜಾರದಲ್ಲಿ ಕುಣಿಯುವುದೊಂದು ಬಾಕಿ. ಹುಡುಗಿಗೆ ಕಿವಿ ಮಂದ, ಉಳಿದದ್ದನ್ನು ತುಟಿ ನೋಡಿ ತುಂಬಿಕೊಳ್ಳುತ್ತಾಳೆ. ಸೆರಗಿನ ಹಿಂದಿನಿಂದ ಪಾಠ ಹೇಳಿ ಇವಳನ್ನು ಎರಡು ಸಲ ಕೆಡವಿದ್ದು ತಾನೇ ಎಂಬುದೂ ಹೊಳೆದು, ಆ ಖುಷಿಯ ನಡುವೆ ಕಣ್ಣು ತುಂಬಿ ಬಂತು.

ಸಂಜೆಯೇ ಖತೀಜಾಬೀಯ ಮನೆಗೆ ಓಡಿದಳು. ತಾಯಿ ಎಲ್ಲವನ್ನೂ ಕೇಳಿ, ಬಾಗಿಲು ಮುಂದಕ್ಕೆ ಮಾಡಿದಳು. "ಕಿವುಡಿ ಅಂತ ಊರಾಗೆ ಗೊತ್ತಾಗೋದು ಬ್ಯಾಡ್ರಿ ಅಮ್ಮಾರೆ. ನಾಳೆ ನಿಖಾ ಹೆಂಗೆ ಆಗ್ತೈತೆ?" ಎಂದಳು. ಯಾರಿಗೂ ಹೇಳುವುದಿಲ್ಲವೆಂದು ಉಚ್ಚೆಂಗೆಮ್ಮ ಮಾತು ಕೊಟ್ಟಳು.

ವರ್ಷವಿಡೀ ಖುರ್ಷೀದಾಳನ್ನು ಬೆಳಕಿಗೆ ಬೆನ್ನಾಗಿ ಮುಂದಿನ ಸಾಲಿನಲ್ಲಿ ಕೂರಿಸಿದಳು, ಬೋರ್ಡಿಗೆ ಮುಖ ಮಾಡಿ ಮಾತಾಡುವುದನ್ನು ಬಿಟ್ಟಳು. ಹುಡುಗಿ ಹಸಿದವಳ ಹಾಗೆ ಕಲಿತಳು. ಮಾರ್ಚ್‌ನಲ್ಲಿ ಪರೀಕ್ಷೆ ಬಂತು. ಮೂರನೇ ಕ್ಲಾಸಿಗೆ ಹತ್ತಿಸುವುದು ಜಂಬಯ್ಯನವರ ಕೈಯಲ್ಲಿತ್ತು. ಅವರು ಬಾಯಿಲೆಕ್ಕ ಕೇಳುತ್ತಿದ್ದದ್ದು ಮಕ್ಕಳ ಬೆನ್ನ ಹಿಂದೆ ಓಡಾಡುತ್ತಾ.

"ಎಂಟು ಕುದುರೆಗೆ ಎಷ್ಟು ಲಾಳ?"

ಖುರ್ಷೀದಾ ನೆಟ್ಟಗೆ ಗೋಡೆ ನೋಡುತ್ತಿದ್ದಳು. ಜಂಬಯ್ಯ ನಾಪಾಸು ಬರೆಯಲು ಪೆನ್ಸಿಲು ಎತ್ತಿದರು.

"ಎದುರಿಗೆ ಬಂದು ಕೇಳ್ರಿ, ಭಾವಾರೆ" ಎಂದಳು ಉಚ್ಚೆಂಗೆಮ್ಮ. ಇಷ್ಟು ವರ್ಷದಲ್ಲಿ ಅವರ ಮುಖ ನೋಡಿ ಆಡಿದ ಮೊದಲ ಮಾತು ಅದು.

"ಒಂದು ವರ್ಷ ರೈಲು ಹತ್ತಿಳಿದು ಬಂದು ನನಗೇ ಟ್ರೈನಿಂಗ್ ಕೊಡ್ತೀಯೇನವ್ವ?"

"ಒಂದೇ ಒಂದು ಸಲ ಕೇಳ್ರಿ."

ಅವರು ಎದುರಿಗೆ ಬಂದು ಕೇಳಿದರು. ಹುಡುಗಿ ಅವರ ಮುಖವನ್ನು ಹುಡುಕಿ ಹುಡುಕಿ ನೋಡಿದಳು, ಉತ್ತರವಿಲ್ಲ. ಉಚ್ಚೆಂಗೆಮ್ಮ ಹುಡುಗಿ ನೋಡುತ್ತಿದ್ದ ಕಡೆಯೇ ನೋಡಿದಳು. ಆಮೇಲೆ ಕಂಡಿತು: ಊರಿಗೇ ಹೆಸರಾದ ಜಂಬಯ್ಯನವರ ಮೀಸೆ ತುಟಿಯ ಮೇಲೆ ಚಾವಣಿಯ ಹಾಗೆ ಇಳಿದಿತ್ತು. ಕಾರಣ ಹೇಳುವಂತಿಲ್ಲ, ಮಾತು ಕೊಟ್ಟಾಗಿದೆ. ದೇವರನ್ನು ನೆನೆದು, "ಮೀಸೆ ಚೂರು ಮ್ಯಾಲೆ ಎತ್ತಿ ಕೇಳ್ರಿ" ಎಂದುಬಿಟ್ಟಳು.

ಜಂಬಯ್ಯ ಅವಳನ್ನೊಮ್ಮೆ, ತಮ್ಮ ಬಾಯನ್ನೇ ದಿಟ್ಟಿಸುತ್ತಿದ್ದ ಹುಡುಗಿಯನ್ನೊಮ್ಮೆ ನೋಡಿದರು. ಅವರ ಮುಖದ ಗಂಟು ಮೆಲ್ಲಗೆ ಸಡಿಲಿತು. ಎರಡು ಬೆರಳಿನಿಂದ ಮೀಸೆಯನ್ನು ಮೇಲಕ್ಕೆ ಒತ್ತಿ ಹಿಡಿದು, ಬಿಡಿಸಿ ಬಿಡಿಸಿ ಕೇಳಿದರು.

"ಮೂವತ್ತೆರಡು" ಎಂದಳು ಖುರ್ಷೀದಾ.

ಮಕ್ಕಳು ಗೊಳ್ಳೆಂದು ನಕ್ಕರು, ಜಂಬಯ್ಯನವರೂ ನಕ್ಕರು. ಮೀಸೆ ಎತ್ತಿಕೊಂಡೇ ಇನ್ನೂ ನಾಲ್ಕು ಲೆಕ್ಕ ಕೇಳಿದರು. ನಾಲ್ಕೂ ಸರಿ ಬಂದವು. ಯಾಕೆ ಏನು ಎಂದು ಅವರು ವಿಚಾರಿಸಲೇ ಇಲ್ಲ. ಪಾಸು ಎಂದು ಬರೆದರು.

ಉಚ್ಚೆಂಗೆಮ್ಮ ಹುಡುಗಿಯ ಕೈ ಹಿಡಿದು ಬಿರಬಿರನೆ ಖತೀಜಾಬೀಯ ಮನೆಗೆ ನಡೆದಳು. ಸುದ್ದಿಯನ್ನು ತಾಯಿಗೆ ಹೇಳಿದಳು. ಬೆನ್ನ ಹಿಂದಿನಿಂದ ಕೂಗಿ, ಮಗಳು ತಿರುಗದಿದ್ದರೆ ಮೊಂಡಿ ಎಂದು ಹೊಡೆಯುವುದೇ ಆ ತಾಯಿಗೆ ಇಷ್ಟು ವರ್ಷದ ರೂಢಿ. ಇಂದು ಬೀಡಿ ಎಲೆಯ ಮೊರವನ್ನು ಪಕ್ಕಕ್ಕೆ ಸರಿಸಿ ಎದ್ದಳು. ಮಗಳ ಎದುರಿಗೆ ಬಂದು ಕುಕ್ಕರುಗಾಲಲ್ಲಿ ಕೂತು, ಅವಳ ಗಲ್ಲ ಹಿಡಿದು, ಮೂರನೇ ಕ್ಲಾಸಿಗೆ ಹೋಗುತ್ತೀಯೆಂದು ಉರ್ದುವಿನಲ್ಲಿ ನಿಧಾನವಾಗಿ, ಒಂದೊಂದೇ ಮಾತಾಗಿ ಹೇಳಿದಳು.